ದಪ್ಪ ಎಂಟು ಪಟ್ಟು, ತಣಿಯಲು ಅರವತ್ತನಾಲ್ಕು ಪಟ್ಟು

ಗಾಳಿಯಂತ್ರದ ರೆಕ್ಕೆ ಬುಡದಲ್ಲಿ ಬಹಳ ದಪ್ಪ. ಆ ಭಾಗದ ಪರೀಕ್ಷೆಗೆಂದು 40 ಮಿಲಿಮೀಟರ್ ದಪ್ಪದ ಗಾಜುನಾರಿನ ಹಲಗೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಣ ಬಟ್ಟೆಯ ಪದರಗಳನ್ನು ಅಚ್ಚಿನ ಮೇಲೆ ಹಾಸಿ, ಮೇಲೆ ಹಾಳೆ ಮುಚ್ಚಿ ಒಳಗಿನ ಗಾಳಿಯನ್ನು ಎಳೆದರೆ, ಆಮೇಲೆ ಗಟ್ಟಿಯಾಗುವ ಎಪಾಕ್ಸಿ ಎಂಬ ಅಂಟು ರಾಳವನ್ನು ಹೊರಗಿನ ವಾಯುಭಾರವೇ ಒಳಕ್ಕೆ ತಳ್ಳುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ; ಇಲ್ಲಿ ಆ ತಳ್ಳುವ ಬಲ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಅದನ್ನೂ ಲೆಕ್ಕಕ್ಕೆ ಸೇರಿಸಿದ್ದೆ.

ಹರಿವಿನ ಲೆಕ್ಕಕ್ಕೆ ಆಧಾರ, ಸಣ್ಣ ಸಂದುಗಳ ನಡುವೆ ದ್ರವ ಎಷ್ಟು ವೇಗವಾಗಿ ಸಾಗುತ್ತದೆಂದು ಹೇಳುವ ಡಾರ್ಸಿಯ ನಿಯಮ. 1856ರಲ್ಲಿ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳಿನಲ್ಲಿ ಇಳಿಯುವ ನೀರನ್ನು ಅಳೆದು ಪ್ರಕಟಿಸಿದ ಸೂತ್ರ ಇಂದಿಗೂ ನಮ್ಮ ಅನ್ನ. ರಾಳ ಬೇಗ ಹರಿಯಲೆಂದು ಅಚ್ಚನ್ನು 40 ಡಿಗ್ರಿಗೆ ಕಾಯಿಸಿದೆ. 5 ಮಿಲಿಮೀಟರ್ ಹಲಗೆಯಲ್ಲಿ ಮೊದಲು ಮಾಡಿ ನೋಡಿದ್ದೆ, ಸೊಗಸಾಗಿ ಬಂದಿತ್ತು.

ದಪ್ಪ ಹಲಗೆಯೂ ಲೆಕ್ಕದಂತೆಯೇ ತುಂಬಿತು. ಎರಡು ಗಂಟೆಯ ಮೇಲೆ ಹಿರಿಯ ಕೆಲಸಗಾರರೊಬ್ಬರು ಹಾಳೆಯ ಮೇಲೆ ಅಂಗೈ ಇಟ್ಟು ಥಟ್ಟನೆ ಹಿಂದಕ್ಕೆಳೆದುಕೊಂಡರು. "ಒಳಗೆ ಕುದಿಯುತ್ತಿದೆ" ಎಂದರು. ಮರುದಿನ ಹಲಗೆಯನ್ನು ಅಡ್ಡ ಕೊಯ್ದೆವು. ಅಂಚು ತಿಳಿ ಹಸಿರು, ನಡುವೆ ಬೆರಳಗಲದ ಕಂದು ಪಟ್ಟಿ, ಅದರೊಳಗೆ ಪದರಗಳ ನಡುವೆಯೇ ಓಡಿದ ಕೂದಲೆಳೆಯಂಥ ಬಿರುಕುಗಳು.

ತಪ್ಪು ನನ್ನದೇ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಶಾಖ ಬಿಡುತ್ತದೆ. ಗಾಜುನಾರಿನ ಹಲಗೆಯಾದರೋ ದಪ್ಪದ ದಿಕ್ಕಿನಲ್ಲಿ ಶಾಖವನ್ನು ಬಲು ಜಿಪುಣತನದಿಂದ ಸಾಗಿಸುತ್ತದೆ. ಶಾಖ ಹೊರಬೀಳಲು ಬೇಕಾದ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ದಪ್ಪ ಎಂಟು ಪಟ್ಟಾದರೆ ಸಮಯ ಅರವತ್ತನಾಲ್ಕು ಪಟ್ಟು. ತೆಳು ಹಲಗೆಯ ನಡುವಿನ ಬಿಸಿ ಅರ್ಧ ನಿಮಿಷದಲ್ಲಿ ಹೊರಮೈಗೆ ಬರುವುದಾದರೆ, ಇಲ್ಲಿ ಅರ್ಧ ಗಂಟೆ. ಅಷ್ಟರಲ್ಲಿ ಬಿಸಿ ಕ್ರಿಯೆಯನ್ನು ಕೆರಳಿಸುತ್ತದೆ, ಕ್ರಿಯೆ ಮತ್ತಷ್ಟು ಬಿಸಿ ಹುಟ್ಟಿಸುತ್ತದೆ. ಹರಿವಿಗೊಂದು, ಶಾಖಕ್ಕೊಂದು ಎಂದು ಎರಡು ಕಡತ ತೆರೆದು, ಒಂದರ ಉತ್ತರವನ್ನು ಇನ್ನೊಂದಕ್ಕೆ ತೋರಿಸದೆ ಕೂತಿದ್ದೆ. ಹರಿವಿಗೆ ಅನುಕೂಲವೆಂದು ನಾನು ಕೊಟ್ಟ 40 ಡಿಗ್ರಿಯೇ ಬೆಂಕಿಗೆ ತುಪ್ಪ ಸುರಿದಿತ್ತು.

ಪರಿಹಾರ ಸಿಕ್ಕಿದ್ದು ಮತ್ತೆ ಡಾರ್ಸಿಯ ಸೂತ್ರದಲ್ಲಿ. ತುಂಬುವ ಸಮಯವೂ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ರಾಳದ ಕೊಳವೆಯನ್ನು ಅಂಚಿನಿಂದ ತೆಗೆದು ಹಲಗೆಯ ನಡುವಿಗೆ ತಂದೆ; ರಾಳ ಸಾಗಬೇಕಾದ ದೂರ ಅರ್ಧವಾಯಿತು, ಸಮಯ ಕಾಲು ಭಾಗಕ್ಕಿಳಿಯಿತು. ಹಾಗೆ ಉಳಿದ ಸಮಯದಲ್ಲಿ ಅಚ್ಚನ್ನು ಕಾಯಿಸದೆ ಬಿಡಬಹುದಾಯಿತು, ರಾಳವನ್ನು ನಿಧಾನವಾಗಿ ಗಟ್ಟಿಗೊಳಿಸುವ ಹಾರ್ಡನರ್ ಬಳಸಬಹುದಾಯಿತು. ಪದರಗಳ ನಟ್ಟನಡುವೆ ಬಿಸಿ ಅಳೆಯುವ ಒಂದು ಥರ್ಮೋಕಪಲ್ ತಂತಿಯನ್ನೂ ಹುದುಗಿಸಿದೆ. ಆ ರಾತ್ರಿ ಅದರ ಅಂಕಿ ನಿಧಾನವಾಗಿ ಏರಿ, ಒಂದು ಕಡೆ ನಿಂತು, ಇಳಿಯತೊಡಗುವವರೆಗೆ ನಾನೂ ಆ ಹಿರಿಯರೂ ಅಚ್ಚಿನ ಪಕ್ಕದಿಂದ ಏಳಲಿಲ್ಲ.