ಹೆಂಗಸರು ಸಭಾಪಾಲಕರಾಗಬಹುದಾ?

ಪ್ರಾಟೆಸ್ಟಂಟ್ ಸಭೆಗಳ ಬಗ್ಗೆ ಬರೆಯುವ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದು: "ಹೆಂಗಸರು ಉಪದೇಶ ಮಾಡಬಾರದು ಅಂತ ಅಪೊಸ್ತಲ ಪೌಲನೇ ಬರೆದಿದ್ದಾನೆ. ಹಾಗಿರುವಾಗ ಅವರು ಸಭಾಪಾಲಕರು, ಅಂದರೆ ಪಾದ್ರಿಗಳು, ಆಗುವುದನ್ನು ನೀವು ಹೇಗೆ ಒಪ್ಪುತ್ತೀರಿ?" ಕೇಳುವವರೆಲ್ಲ ಗಂಡಸರು ಅಂದುಕೊಳ್ಳಬೇಡಿ. ಹೆಂಗಸರೂ ಕೇಳುತ್ತಾರೆ.

ನಾನು ಒಪ್ಪುತ್ತೇನೆ. ಪೌಲನ ಮಾತನ್ನು ಬದಿಗಿಟ್ಟು ಒಪ್ಪುತ್ತಿಲ್ಲ.

ಪೌಲ ತಿಮೊಥೆಗೆ ಬರೆದ ಮೊದಲ ಪತ್ರದ ಆ ಮಾತು (1 ತಿಮೊಥೆ 2:12) ಸ್ಪಷ್ಟವಾಗಿಯೇ ಇದೆ. ಆದರೆ ಅದಕ್ಕಿಂತ ಮೂರು ವಚನ ಹಿಂದೆ, ಹೆಂಗಸರು ಜಡೆ ಹೆಣೆದು, ಚಿನ್ನ, ಮುತ್ತು ಹಾಕಿಕೊಂಡು ಸಿಂಗರಿಸಿಕೊಳ್ಳಬಾರದು ಅಂತಲೂ ಇದೆ. ಅದನ್ನು ಯಾವ ಸಭೆಯೂ ಬಾಗಿಲಲ್ಲಿ ನಿಂತು ತಪಾಸಣೆ ಮಾಡುವುದಿಲ್ಲ, ಅಲ್ವಾ? "ಅದು ಆ ಕಾಲದ ಮಾತು. ಉಪದೇಶದ ವಿಷಯಕ್ಕೆ ಪೌಲ ಆದಾಮ, ಹವ್ವರ ಸೃಷ್ಟಿಯ ಕ್ರಮವನ್ನೇ ಕಾರಣ ಕೊಡುತ್ತಾನೆ" ಎನ್ನುತ್ತಾರೆ. ಇದು ಗಟ್ಟಿ ವಾದವೇ. ಆದರೆ 1 ಕೊರಿಂಥ 11ರಲ್ಲಿ ತಲೆಗೆ ಮುಸುಕು ಹಾಕಬೇಕು ಎನ್ನುವುದಕ್ಕೂ ಅವನು ಅದೇ ಸೃಷ್ಟಿಯ ಕ್ರಮವನ್ನು ತರುತ್ತಾನೆ. ಜಗತ್ತಿನ ಎಷ್ಟೋ ಪ್ರಾಟೆಸ್ಟಂಟ್ ಸಭೆಗಳು ಮುಸುಕನ್ನು ಸದ್ದಿಲ್ಲದೆ ಬಿಟ್ಟವು. ಇನ್ನೊಂದು ಮಾತು: ಆ ಅಧ್ಯಾಯದಲ್ಲಿ ಪೌಲ ಹೇಳುತ್ತಿರುವುದೇ ಪ್ರಾರ್ಥನೆ ಮಾಡುವ, ಪ್ರವಾದಿಸುವ ಹೆಂಗಸರ ಬಗ್ಗೆ. ಮುಸುಕು ಹಾಕಿಕೊಳ್ಳಿ ಎನ್ನುತ್ತಾನೆ, ಬಾಯಿ ಮುಚ್ಚಿಕೊಳ್ಳಿ ಎನ್ನುವುದಿಲ್ಲ. ಅದೇ ಪತ್ರದ 14ನೇ ಅಧ್ಯಾಯದಲ್ಲಿ ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು ಎನ್ನುತ್ತಾನೆ. ಎರಡನ್ನೂ ಒಟ್ಟಿಗೆ ಓದಿದರೆ, ಅಲ್ಲಿನ ಗಲಾಟೆಗೆ ಕೊಟ್ಟ ಬುದ್ಧಿಮಾತಿನ ಹಾಗೆ ನನಗೆ ಕೇಳಿಸುತ್ತದೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಅವನು ಮೊದಲು ಪರಿಚಯಿಸುವುದು ಒಂದು ಸಭೆಯ ಸೇವಕಿಯಾದ ಫೊಯಿಬೆಯನ್ನು. ಅಪೊಲ್ಲೋಸನಂಥ ವಾಗ್ಮಿಯನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದವರಲ್ಲಿ ಪ್ರಿಸ್ಕಿಲ್ಲಳೂ ಒಬ್ಬಳು.

ಇನ್ನು ದೇವಶಾಸ್ತ್ರ. ಕ್ಯಾಥೊಲಿಕರು ಬೇಡ ಎಂದರೆ ಅದಕ್ಕೆ ಅವರದೇ ಒಂದು ತರ್ಕವಿದೆ: ಪೂಜೆಯಲ್ಲಿ ಯಾಜಕ ಕ್ರಿಸ್ತನ ಸ್ಥಾನದಲ್ಲಿ ನಿಲ್ಲುತ್ತಾನೆ, ಹಾಗಾಗಿ ಅವನೂ ಗಂಡಸೇ ಆಗಿರಬೇಕು. ನಾನು ಒಪ್ಪದಿದ್ದರೂ ಅದು ಅವರ ನಂಬಿಕೆಗೆ ಹೊಂದುತ್ತದೆ. ನಾವು ಆ ದಾರಿ ಬಿಟ್ಟವರು. 1520ರಲ್ಲಿ, ಪ್ರಾಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್, ದೀಕ್ಷಾಸ್ನಾನ ಪಡೆದ ಎಲ್ಲರೂ ಯಾಜಕರೇ, ಪಾದ್ರಿಗಿರುವುದು ಬೇರೆ ಕೆಲಸ ಅಷ್ಟೇ, ಬೇರೆ ದರ್ಜೆಯಲ್ಲ ಎಂದು ವಾದಿಸಿದ. ಹೆಂಗಸರಿಗೆ ದೀಕ್ಷೆ ಕೊಡಬೇಕು, ಅಂದರೆ ಅವರನ್ನು ಪಾದ್ರಿಗಳಾಗಿ ನೇಮಿಸಬೇಕು, ಅಂತ ಅವನು ಹೇಳಲಿಲ್ಲ, ನಿಜ. ಆದರೂ ಅವನ ಮಾತು ಅಲ್ಲಿಗೇ ಹೋಗಿ ಮುಟ್ಟುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಚರಿತ್ರೆ ನೋಡಿದರೆ ನಮ್ಮ ಸಭೆಗಳು ಹೆಂಗಸರಿಗೆ ಕೆಲಸ ಕೊಡಲು ಹೆಚ್ಚು ತಕರಾರು ಮಾಡಿಲ್ಲ. ತಕರಾರೆಲ್ಲ ಸ್ಥಾನ ಕೊಡುವಾಗ. ಎರಡನೇ ಮಹಾಯುದ್ಧದಲ್ಲಿ ಚೀನಾ ತೀರದ ಪೋರ್ಚುಗೀಸ್ ವಸಾಹತು ಮಕಾವ್‌ಗೆ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ ಪರಂಪರೆಯ) ಪಾದ್ರಿಗಳು ಹೋಗುವ ಹಾಗಿರಲಿಲ್ಲ. ಸಭೆಯನ್ನು ಫ್ಲಾರೆನ್ಸ್ ಲೀ ತಿಮ್ ಓಯ್ ಎಂಬ ಹೆಂಗಸು ನಡೆಸುತ್ತಿದ್ದರು. ಪ್ರಭುಭೋಜನ ಕೊಡುವವರೂ ಬೇಕಲ್ಲ ಅಂತ 1944ರಲ್ಲಿ ಹಾಂಗ್‌ಕಾಂಗ್‌ನ ಬಿಷಪ್ ರೊನಾಲ್ಡ್ ಹಾಲ್ ಅವರಿಗೆ ದೀಕ್ಷೆ ಕೊಟ್ಟರು. ಯುದ್ಧ ಮುಗಿಯಿತು, ಒತ್ತಡ ಶುರುವಾಯಿತು. 1946ರಲ್ಲಿ ಲೀ ಅವರು ಪಾದ್ರಿಯಾಗಿ ಸೇವೆ ಮಾಡುವ ಪರವಾನಗಿ ಬಿಟ್ಟುಕೊಟ್ಟರು. ಬಾಂಬ್ ಬೀಳುವಾಗ ದೇವರಿಗೆ ಒಪ್ಪಿಗೆಯಾದದ್ದು ಶಾಂತಿ ಬಂದ ಮೇಲೆ ಬೇಡವಾಯಿತೇ? ಹಾಂಗ್‌ಕಾಂಗ್ ಸಭಾಪ್ರಾಂತ ಮತ್ತೆ ಹೆಂಗಸರಿಗೆ ದೀಕ್ಷೆ ಕೊಟ್ಟದ್ದು 1971ರಲ್ಲಿ.

ಅಮೆರಿಕದ ಪ್ರಾಟೆಸ್ಟಂಟ್ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟರದು ಇನ್ನೂ ವಿಚಿತ್ರ. ಲಾಟಿ ಮೂನ್ ಎಂಬ ಹೆಂಗಸನ್ನು 1873ರಲ್ಲಿ ಅವರು ಚೀನಾಕ್ಕೆ ಮಿಷನರಿಯಾಗಿ ಕಳಿಸಿದರು. ಮಿಷನ್ ಕೆಲಸಕ್ಕೆ ಪ್ರತಿ ಕ್ರಿಸ್‌ಮಸ್‌ಗೆ ಈಗಲೂ ಕಾಣಿಕೆ ಎತ್ತುವುದು ಅವರ ಹೆಸರಿನಲ್ಲೇ. ಅದೇ ಒಕ್ಕೂಟ 2000ದಲ್ಲಿ ಪಾಸ್ಟರ್ ಸ್ಥಾನ ಗಂಡಸರಿಗೆ ಮಾತ್ರ ಎಂದು ತನ್ನ ನಂಬಿಕೆಯ ಹೇಳಿಕೆಯಲ್ಲಿ ಸೇರಿಸಿತು.

"ಈಗೆಲ್ಲ ಸರಿಹೋಗಿದೆಯಲ್ಲ" ಅಂತ ಇನ್ನು ಕೆಲವರು. ಸಿಎಸ್‌ಐ (ದಕ್ಷಿಣ ಭಾರತ ಸಭೆ) 2013ರಲ್ಲಿ ಪುಷ್ಪಾ ಲಲಿತಾ ಅವರನ್ನು ನಂದ್ಯಾಲದ ಬಿಷಪ್ ಮಾಡಿತು. ಇಂಗ್ಲೆಂಡಿನ ಸಭೆ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಟ್ಟದ್ದು 1994ರಲ್ಲಿ, ಮೊದಲ ಮಹಿಳಾ ಬಿಷಪ್ ಬಂದದ್ದು 2015ರಲ್ಲಿ. ನಡುವೆ, 2012ರಲ್ಲಿ, ಹೆಂಗಸರು ಬಿಷಪ್ ಆಗಬಹುದು ಎನ್ನುವ ಮಸೂದೆ ಆ ಸಭೆಯ ಶಾಸನಮಂಡಳಿಯಾದ ಸಿನೊಡ್‌ನಲ್ಲಿ ಬಿದ್ದುಹೋಯಿತು. ಬೀಳಿಸಿದವರು ಬಿಷಪ್‌ಗಳೂ ಅಲ್ಲ, ಪಾದ್ರಿಗಳೂ ಅಲ್ಲ. ಸಭೆಯ ಸಾಮಾನ್ಯ ಸದಸ್ಯರ ವಿಭಾಗದಲ್ಲಿ ಆರು ಮತ ಕಡಿಮೆ ಬಿತ್ತು.

ಅದಕ್ಕೇ ನಾನು ಬಿಷಪ್ ಯಾರು ಅಂತ ಕೇಳಿ ಸುಮ್ಮನಾಗುವುದಿಲ್ಲ. ಕಮಿಟಿಯಲ್ಲಿ ಯಾರಿದ್ದಾರೆ? ಹಣದ ಲೆಕ್ಕಕ್ಕೆ ಸಹಿ ಯಾರದು? ದೀಕ್ಷೆ ಪಡೆದ ಹೆಂಗಸನ್ನು ಯಾವ ಸಭೆಗೆ ಕಳಿಸಿದರು? ಇವಕ್ಕೆ ಸಿಗುವ ಉತ್ತರ ಜಾಸ್ತಿ ಹೇಳುತ್ತದೆ. ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವುದೂ ಉಂಟು. ಲಾತ್ವಿಯಾದ ಲೂಥರನ್ ಸಭೆ 1975ರಿಂದ ಹೆಂಗಸರಿಗೆ ದೀಕ್ಷೆ ಕೊಡುತ್ತಿತ್ತು. 1993ರಲ್ಲಿ ಹೊಸ ಆರ್ಚ್‌ಬಿಷಪ್ ಬಂದ ಮೇಲೆ ಅದು ನಿಂತಿತು. 2016ರಲ್ಲಿ ಸಿನೊಡ್ ಮತ ಹಾಕಿ, ದೀಕ್ಷೆ ಗಂಡಸರಿಗೆ ಮಾತ್ರ ಎಂದು ನಿಯಮವನ್ನೇ ಮಾಡಿತು.