ಅಪ್ಪ ರೇಡಿಯೋದಲ್ಲಿ ಕೇಳಿದ ಮೆಲ್ಬರ್ನ್

1977ರ ಡಿಸೆಂಬರ್ ಕೊನೆ. ಅಪ್ಪನಿಗೆ ಆಗ ಹತ್ತೊಂಬತ್ತು ವರ್ಷ. ಬೆಳಗಿನ ಜಾವ ಐದಕ್ಕೆ ಎದ್ದು, ಮಫ್ಲರ್ ಸುತ್ತಿಕೊಂಡು, ಮೈಸೂರಿನ ಚಳಿಯಲ್ಲಿ ಎರಡು ಬೀದಿ ದಾಟಿ ಗೆಳೆಯನ ಮನೆಗೆ ಹೋಗುತ್ತಿದ್ದರಂತೆ. ಅಲ್ಲಿ ಟ್ರಾನ್ಸಿಸ್ಟರ್ ಇತ್ತು. ಶಾರ್ಟ್ ವೇವ್‌ನಲ್ಲಿ ರೇಡಿಯೋ ಆಸ್ಟ್ರೇಲಿಯಾ. ದನಿ ಒಮ್ಮೆ ಹತ್ತಿರ ಬರೋದು, ಒಮ್ಮೆ ಎಲ್ಲೋ ಮುಳುಗಿ ಹೋಗೋದು. ಹಾಗೆ ಬಂದು ಹೋಗುವ ದನಿಯಲ್ಲೇ, ನಮ್ಮ ಮೈಸೂರಿನ ಸ್ಪಿನ್ ಬೌಲರ್ ಚಂದ್ರಶೇಖರ್ ಮೆಲ್ಬರ್ನ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ ತಲಾ 52 ರನ್‌ಗೆ ಆರು ವಿಕೆಟ್ ತೆಗೆದದ್ದನ್ನು ಅವರಿಬ್ಬರೂ ಕೇಳಿದರು. ಆಸ್ಟ್ರೇಲಿಯಾ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು.

ಚಿಕ್ಕವರಿದ್ದಾಗ ನಾವು ಈ ಕತೆಯನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ತಮ್ಮನಿಗೆ ಕೆಲಸ ಸಿಕ್ಕಿದ್ದು ಅದೇ ಊರಿನಲ್ಲಿ. ಹಾಗಾಗಿ 47 ವರ್ಷ ಆದ ಮೇಲೆ, ಫೆಬ್ರವರಿಯಲ್ಲಿ, ಅಪ್ಪ ಅಮ್ಮನನ್ನು ಕರೆದುಕೊಂಡು ನಾನು ಮೆಲ್ಬರ್ನ್‌ಗೆ ಹೊರಟೆ.

ವಿಮಾನದಲ್ಲಿ ಒಂದು ಫಾರಂ ಕೊಡುತ್ತಾರೆ. ತಿನ್ನುವ ಸಾಮಾನು ಏನಾದರೂ ತಂದಿದ್ದೀರಾ ಎಂದು ಕೇಳಿರುತ್ತಾರೆ. ಸುಮ್ನೆ 'ಹೌದು' ಅಂತ ಬರೆಯಿರಿ. ಹೊರಗಿನ ಹುಳ, ರೋಗ ಒಳಗೆ ಬರಬಾರದು ಎಂದು ಆ ದೇಶ ತುಂಬಾ ಬಿಗಿಯಾಗಿದೆ. ಮುಚ್ಚಿಟ್ಟರೆ ದೊಡ್ಡ ದಂಡ. ಹೇಳಿಬಿಟ್ಟರೆ ಬ್ಯಾಗ್ ತೆಗೆದು ನೋಡುತ್ತಾರೆ, ಅಷ್ಟೇ. ಅಮ್ಮನ ಚಟ್ನಿಪುಡಿ, ಹುಳಿಪುಡಿ, ಮಾವಿನಕಾಯಿ ಉಪ್ಪಿನಕಾಯಿ ಎಲ್ಲ ಪಾಸಾಯಿತು. ಮನೆ ಅಂಗಳದ ಹಸಿ ಕರಿಬೇವಿನ ಕಟ್ಟು ಮಾತ್ರ ಕಸದ ಡಬ್ಬಿಗೆ ಹೋಯಿತು. ಅಲ್ಲಿದ್ದ ಹುಡುಗಿ "ಸಾರಿ" ಎಂದು ಎರಡು ಸಲ ಹೇಳಿದಳು. ಅಮ್ಮ ಬೇಜಾರಾಗಿ ತಮ್ಮನ ಮನೆ ಸೇರಿದರೆ, ಅಲ್ಲಿ ಅಡುಗೆಮನೆ ಕಿಟಕಿ ಹತ್ತಿರ ಕುಂಡದಲ್ಲಿ ಮೊಣಕಾಲೆತ್ತರದ ಕರಿಬೇವಿನ ಗಿಡ! ಚಳಿಗಾಲದಲ್ಲಿ ಹೊರಗಿಟ್ಟರೆ ಎಲೆ ಉದುರುತ್ತದಂತೆ. ಅದಕ್ಕೇ ಮಗುವಿನ ಹಾಗೆ ಒಳಗಿಟ್ಟು ಸಾಕುತ್ತಿದ್ದಾನೆ.

ತಮ್ಮನ ಮನೆ ಟಾರ್ನೀಟ್‌ನಲ್ಲಿ, ಊರಿನ ಪಶ್ಚಿಮದ ಅಂಚಿನಲ್ಲಿ. ನಮ್ಮ ದೇಶದವರು ಜಾಸ್ತಿ ಇರುವ ಬಡಾವಣೆ. ಸಂಜೆ ವಾಕ್ ಹೋದರೆ ಯಾವುದೋ ಮನೆಯಿಂದ ಒಗ್ಗರಣೆ ವಾಸನೆ ಬರುತ್ತದೆ. ಅವನು ಬೆಳಿಗ್ಗೆ ಆಫೀಸಿಗೆ ಹೊರಟರೆ ನಾವು ಮೂವರೂ ಅದೇ ರೈಲು ಹತ್ತುತ್ತಿದ್ದೆವು. ಸುಮಾರು ಅರ್ಧ ಗಂಟೆಗೆ ಸದರ್ನ್ ಕ್ರಾಸ್ ನಿಲ್ದಾಣ. ಅಲ್ಲಿಂದ ಮುಂದೆ ಊರು ನಮ್ಮದು.

ಮೊದಲು ಕೈಗೆ ಬೇಕಾಗುವುದು ಮೈಕಿ ಕಾರ್ಡ್. ರೈಲು, ಟ್ರಾಮ್, ಬಸ್ಸು ಎಲ್ಲಕ್ಕೂ ಅದೇ. ಆದರೆ ನಗರದ ನಡುಭಾಗದಲ್ಲಿ 2015ರಿಂದ ಟ್ರಾಮ್ ಉಚಿತ. ಆ ಗಡಿಯೊಳಗೇ ಹತ್ತಿ ಇಳಿಯುವುದಾದರೆ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಬೇಡಿ, ಮುಟ್ಟಿಸಿದರೆ ದುಡ್ಡು ಹೋಗುತ್ತದೆ. ಗಡಿ ಮುಗಿಯುವ ಸ್ಟಾಪ್ ಬಂದಾಗ ಟ್ರಾಮ್‌ನಲ್ಲೇ ಹೇಳುತ್ತಾರೆ. ದಾಟಿ ಹೋಗುವವರು ಆಗ ಮುಟ್ಟಿಸಿದರೆ ಸಾಕು.

ಪ್ರಪಂಚದಲ್ಲೇ ಅತಿ ದೊಡ್ಡ ಟ್ರಾಮ್ ಜಾಲ ಇಲ್ಲಿಯದು, ಸುಮಾರು 250 ಕಿಲೋಮೀಟರ್. ಅಪ್ಪನಿಗೆ ಇಷ್ಟವಾದದ್ದು 35ನೇ ನಂಬರ್, ಸಿಟಿ ಸರ್ಕಲ್. ಹಳೇ ಕಾಲದ ಮರದ ಡಬ್ಬಿ. ನಗರದ ಸುತ್ತ ಪ್ರದಕ್ಷಿಣೆ ಹಾಕುತ್ತದೆ, ಪೂರ್ತಿ ಉಚಿತ. ನನಗೆ ಮನಸ್ಸಿನಲ್ಲಿ ನಿಂತದ್ದು ಮಾತ್ರ 11ನೇ ನಂಬರ್‌ನಲ್ಲಿ ಫಿಟ್ಜ್‌ರಾಯ್ ಕಡೆ ಹೋದಾಗ ಕಂಡದ್ದು. ಬ್ರನ್ಸ್‌ವಿಕ್ ಸ್ಟ್ರೀಟ್‌ನಲ್ಲಿ ಟ್ರಾಮ್ ರಸ್ತೆಯ ಮಧ್ಯೆ ನಿಲ್ಲುತ್ತದೆ. ಇಳಿದವರು ಕಾರು ಓಡಾಡುವ ಜಾಗ ದಾಟಿ ಫುಟ್‌ಪಾತ್ ಸೇರಬೇಕು. ಅಮ್ಮನಿಗೆ ಮಂಡಿನೋವು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ಇನ್ನೊಂದು ಕಾಲು ಕೆಳಗಿಡುವಷ್ಟರಲ್ಲಿ ಎಡಗಡೆ ಏಳೆಂಟು ಕಾರು ಸಾಲಾಗಿ ನಿಂತಿದ್ದವು. ಒಂದು ಹಾರ್ನ್ ಇಲ್ಲ. ಟ್ರಾಮ್ ಬಾಗಿಲು ತೆರೆದಿರುವಾಗ ಪಕ್ಕದ ಕಾರು ಮುಂದೆ ಹೋಗುವಂತಿಲ್ಲ, ಅದು ಕಾನೂನು. ಅಮ್ಮ ಫುಟ್‌ಪಾತ್ ಹತ್ತಿ, ತಿರುಗಿ, ಮೊದಲ ಕಾರಿನವನಿಗೆ ಕೈ ಮುಗಿದರು. ಅವನು ಸ್ಟೀರಿಂಗ್ ಮೇಲಿಂದ ನಾಲ್ಕು ಬೆರಳು ಎತ್ತಿ ನಕ್ಕ. ನಮ್ಮೂರಲ್ಲಿ ಬಸ್ಸಿಳಿದು ರಸ್ತೆ ದಾಟಲು ಅಮ್ಮ ಎಷ್ಟು ಹೆದರುತ್ತಾರೆ ಎಂದು ನನಗೆ ಗೊತ್ತು. ಗಂಟಲು ಕಟ್ಟಿದಂತಾಯಿತು.

ಕಾಫಿ ವಿಷಯ ಹೇಳಲೇಬೇಕು. ಎರಡನೇ ಮಹಾಯುದ್ಧದ ನಂತರ ಬಂದ ಇಟಲಿಯವರು, ಗ್ರೀಕರು ಈ ಊರಿಗೆ ಕಾಫಿ ರುಚಿ ಹತ್ತಿಸಿದರು. ಈಗ ಡಿಗ್ರೇವ್ಸ್ ಸ್ಟ್ರೀಟ್‌ನಂಥ ಓಣಿಗಳಲ್ಲಿ ಕೂತರೆ ಕಾಫಿಪುಡಿಯ ಘಮ ಬಟ್ಟೆಗೂ ಅಂಟುತ್ತದೆ. ನಮ್ಮವರ ನಾಲಿಗೆಗೆ ಹತ್ತಿರ ಬರುವುದು ಫ್ಲಾಟ್ ವೈಟ್ ಎಂಬ ಹಾಲು ಬೆರೆಸಿದ ಕಾಫಿ. ಆದರೆ ಅವರು ಹಾಲನ್ನು ಕುದಿಸುವುದಿಲ್ಲ, ಹದವಾಗಿ ಬಿಸಿ ಮಾಡುತ್ತಾರೆ. ಸುಡುವ ಕಾಫಿ ಬೇಕಿದ್ದರೆ 'ಎಕ್ಸ್‌ಟ್ರಾ ಹಾಟ್' ಎಂದು ಕೇಳಿ. ಇನ್ನೊಂದು ಮಾತು. ನಾವು ಮೊದಲ ದಿನ ನಾಲ್ಕು ಗಂಟೆಗೆ ಕಾಫಿ ಹುಡುಕಿಕೊಂಡು ಹೊರಟೆವು. ಎಲ್ಲ ಕಡೆ ಕುರ್ಚಿಗಳನ್ನು ಟೇಬಲ್ ಮೇಲೆ ತಲೆಕೆಳಗಾಗಿ ಇಟ್ಟು ನೆಲ ಒರೆಸುತ್ತಿದ್ದರು. ಇಲ್ಲಿ ಜಾಸ್ತಿ ಕೆಫೆಗಳು ಬೆಳಿಗ್ಗೆ ಆರೇಳಕ್ಕೆ ತೆರೆದು ಮಧ್ಯಾಹ್ನ ಮೂರರ ಹೊತ್ತಿಗೆ ಮುಚ್ಚುತ್ತವೆ. ಮರುದಿನದಿಂದ ತಮ್ಮ ಫ್ಲಾಸ್ಕ್‌ನಲ್ಲಿ ಫಿಲ್ಟರ್ ಕಾಫಿ ಹಾಕಿ ಕೊಟ್ಟ. ನಾಲ್ಕು ಗಂಟೆ ಕಾಫಿಯನ್ನು ನಾವು ಯಾರಾ ನದಿಯ ದಡದಲ್ಲಿ ಕೂತು ಕುಡಿದೆವು.

ಕ್ವೀನ್ ವಿಕ್ಟೋರಿಯಾ ಮಾರ್ಕೆಟ್‌ಗೆ ಸೋಮವಾರ, ಬುಧವಾರ ರಜೆ. ಗೊತ್ತಿಲ್ಲದೆ ಬುಧವಾರ ಬೆಳಿಗ್ಗೆ ಹೋಗಿ ವಾಪಸ್ ಬಂದಿದ್ದೆವು. ಶುಕ್ರವಾರ ಮತ್ತೆ ಹೋದೆವು. 1878ರಿಂದ ನಡೆಯುತ್ತಿರುವ ಸಂತೆ. ಉದ್ದುದ್ದದ ಶೆಡ್‌ಗಳು, ತರಕಾರಿ ರಾಶಿ, ಕೂಗು. ಅಮ್ಮ "ಥೇಟ್ ನಮ್ಮ ದೇವರಾಜ ಮಾರ್ಕೆಟ್ಟೇ" ಎಂದರು. ಮುಚ್ಚುವ ಹೊತ್ತಿಗೆ ವ್ಯಾಪಾರಿಗಳು ಬೆಲೆ ಇಳಿಸಿ ಕೂಗಲು ಶುರು ಮಾಡಿದಾಗ ಆ ಮಾತು ಇನ್ನೂ ನಿಜ ಅನ್ನಿಸಿತು. 1950ರಿಂದ ಅಲ್ಲೇ ನಿಂತಿರುವ ಒಂದು ವ್ಯಾನ್‌ನಲ್ಲಿ ಜಾಮ್ ತುಂಬಿದ ಬಿಸಿ ಡೋನಟ್ ಕೊಡುತ್ತಾರೆ. ಕಾಗದದ ಪೊಟ್ಟಣ, ಮೇಲೆ ಸಕ್ಕರೆ. ಒಳಗಿನ ಜಾಮ್ ನಾಲಿಗೆ ಸುಡುತ್ತದೆ, ತಾಳ್ಮೆಯಿಂದ ಕಚ್ಚಿ. ಅದೇ ಜಾಗದ ಕೆಳಗೆ ಊರಿನ ಮೊದಲ ಅಧಿಕೃತ ಸ್ಮಶಾನವಿದೆ. ಸುಮಾರು 9,000 ಜನರ ಅವಶೇಷ ಇನ್ನೂ ಅಲ್ಲೇ ಇದೆ. ಅದನ್ನು ಕೇಳಿದ ಮೇಲೆ ಅಮ್ಮ ಹೊರಡುವ ಮುಂಚೆ ಚಪ್ಪಲಿ ಬಿಟ್ಟು ಒಂದು ನಿಮಿಷ ನಿಂತರು.

ಅಮ್ಮ ಮೂವತ್ತು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿದವರು. ಅವರಿಗಾಗಿ ಸ್ವಾನ್‌ಸ್ಟನ್ ಸ್ಟ್ರೀಟ್‌ನ ಸ್ಟೇಟ್ ಲೈಬ್ರರಿಗೆ ಹೋದೆವು. ಒಂದು ಗಂಟೆ ಎಂದುಕೊಂಡಿದ್ದೆ, ಇಡೀ ಮಧ್ಯಾಹ್ನ ಅಲ್ಲೇ ಕಳೆಯಿತು. 1856ರಲ್ಲಿ ಬಾಗಿಲು ತೆರೆದ ಲೈಬ್ರರಿ. ಟಿಕೆಟ್ ಇಲ್ಲ, ಗುರುತಿನ ಚೀಟಿ ಕೇಳುವವರಿಲ್ಲ. ಯಾರು ಬೇಕಾದರೂ ಒಳಗೆ ಹೋಗಬಹುದು. 1913ರಲ್ಲಿ ಕಟ್ಟಿದ ಗುಮ್ಮಟದ ಓದುವ ಕೋಣೆ ಎಂಟು ಮೂಲೆಯದು. ಮಧ್ಯೆ ಒಂದು ಎತ್ತರದ ಪೀಠ. ಅದರಿಂದ ಗಾಡಿಚಕ್ರದ ಅರಗಳ ಹಾಗೆ ಮೇಜುಗಳ ಸಾಲು ಹೊರಟಿದೆ. ಪ್ರತಿ ಮೇಜಿಗೂ ಹಸಿರು ಗಾಜಿನ ದೀಪ. ಮೇಲಿಂದ ಬೆಳಕು ಸೋಸಿ ಬರುತ್ತದೆ. ಅಮ್ಮ ಒಂದು ಮೇಜಿನ ಮುಂದೆ ಕೂತು, ಮರದ ಅಂಚಿನ ಮೇಲೆ ಬೆರಳು ಓಡಿಸಿದರು. ಆಮೇಲೆ ಬ್ಯಾಗ್‌ನಿಂದ ಪೆನ್ನು, ಹಾಳೆ ತೆಗೆದು ತಮ್ಮ ಹಳೇ ಸಹೋದ್ಯೋಗಿಗೆ ಕಾಗದ ಬರೆಯಲು ಶುರು ಮಾಡಿದರು. ಪಕ್ಕದಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ಮುಂದೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ಯಾರೂ ಅವನನ್ನು ಎಬ್ಬಿಸಲಿಲ್ಲ.

ಅದೇ ಕಟ್ಟಡದಲ್ಲಿ ನೆಡ್ ಕೆಲ್ಲಿಯ ಕಬ್ಬಿಣದ ಕವಚವಿದೆ. ಪೊಲೀಸರ ಜೊತೆ ಗುಂಡಿನ ಕಾಳಗ ಮಾಡಿ, 1880ರಲ್ಲಿ ಇದೇ ಊರಿನ ಜೈಲಿನಲ್ಲಿ ಗಲ್ಲಿಗೇರಿದ ದರೋಡೆಕೋರ. ಅರ್ಧ ದೇಶಕ್ಕೆ ಅವನು ಕೊಲೆಗಾರ, ಇನ್ನರ್ಧಕ್ಕೆ ಬಡವರ ಪರ ನಿಂತವನು. ಕವಚವನ್ನು ನೇಗಿಲಿನ ಕಬ್ಬಿಣದಿಂದ ಮಾಡಿಕೊಂಡಿದ್ದ ಎಂದು ಓದಿದಾಗ ಅಪ್ಪ ಗಾಜಿಗೆ ಮುಖ ಒತ್ತಿ ನೋಡಿದರು. ಗುಂಡು ತಗುಲಿದ ತಗ್ಗುಗಳು ಹೆಬ್ಬೆರಳು ಒತ್ತಿದ ಹಾಗೆ ಕಾಣುತ್ತವೆ. "ನಮ್ಮ ತಾತ ನೇಗಿಲಿಗೆ ಹಾಕಿಸ್ತಿದ್ದ ಕುಳ ಇದಕ್ಕಿಂತ ತೆಳ್ಳಗಿತ್ತು ಕಣಮ್ಮ" ಎಂದರು.

ಒಂದು ದಿನ ಬಿಸಿಲು 38 ಡಿಗ್ರಿ. ಉತ್ತರದಿಂದ, ಅಂದರೆ ಒಳನಾಡಿನ ಒಣಭೂಮಿಯಿಂದ, ಒಲೆ ಮುಂದೆ ನಿಂತಂಥ ಗಾಳಿ. ತಮ್ಮ ಫೋನ್ ಮಾಡಿ "ಅಕ್ಕ, ಸ್ವೆಟರ್ ತಗೊಂಡು ಹೋಗು" ಎಂದ. ಅವನ ಮಾತು ಕೇಳದೆ ಸೇಂಟ್ ಕಿಲ್ಡಾ ಬೀಚಿಗೆ ಹೋದೆವು. ನಾಲ್ಕರ ಸುಮಾರಿಗೆ ಗಾಳಿ ಒಮ್ಮೆ ನಿಂತಿತು. ಆಮೇಲೆ ದಕ್ಷಿಣದ ಸಮುದ್ರದ ಕಡೆಯಿಂದ ರಪ್ಪನೆ ಬೀಸಿತು. ಅರ್ಧ ಗಂಟೆಯಲ್ಲಿ ಅಮ್ಮ ಸೆರಗು ಹೊದ್ದು ನಡುಗುತ್ತಿದ್ದರು. ಇದಕ್ಕೆ ಅವರು 'ಕೂಲ್ ಚೇಂಜ್' ಅನ್ನುತ್ತಾರೆ. ಮೆಲ್ಬರ್ನ್‌ಗೆ ಹೋಗುವವರು ಯಾವ ತಿಂಗಳಾದರೂ ಸರಿ, ಒಂದು ಸ್ವೆಟರ್ ಬ್ಯಾಗ್‌ನಲ್ಲಿರಲಿ.

ಇಷ್ಟು ದಿನ ಅಪ್ಪ ಎಂಸಿಜಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನದ ಮಾತೇ ಎತ್ತಿರಲಿಲ್ಲ. "ಕೊನೆಗೆ ಹೋಗೋಣ" ಎನ್ನುತ್ತಿದ್ದರು. ಹೊರಡುವ ಎರಡು ದಿನ ಮುಂಚೆ, ಫೆಡರೇಷನ್ ಸ್ಕ್ವೇರ್‌ನಿಂದ ನದಿಯ ಪಕ್ಕ ನಡೆದುಕೊಂಡೇ ಹೋದೆವು. ಆ ಪಾರ್ಕಿನ ಹೆಸರು ಬಿರ್ರರಂಗ್ ಮಾರ್. ಬಿರ್ರರಂಗ್ ಎಂದರೆ ಈ ನೆಲದ ಮೂಲ ಜನ ವುರುಂಜೆರಿಯವರು ಯಾರಾ ನದಿಯನ್ನು ಕರೆಯುವ ಹೆಸರು. ಅವರ ಹಿರಿಯ ನಾಯಕ ವಿಲಿಯಂ ಬರಾಕ್ ಹೆಸರಿನ ಸೇತುವೆ ದಾಟಿದರೆ ಸ್ಟೇಡಿಯಂ ಎದುರಿಗೇ ಬರುತ್ತದೆ. ಹೊರಗಿನ ಮರಗಳ ನಡುವೆ ತೊಗಟೆ ಸುಲಿದ ಉದ್ದನೆಯ ಗಾಯವಿರುವ ಒಂದು ಹಳೇ ಮರ ಉಳಿದಿದೆ. ಆ ಮೂಲ ಜನ ದೋಣಿಗೋ, ಪಾತ್ರೆಗೋ ತೊಗಟೆ ತೆಗೆದು, ಮರ ಸಾಯದಂತೆ ಬಿಡುತ್ತಿದ್ದರು. ಮೈದಾನ 1853ರದು. ಮರ ಅದಕ್ಕೂ ಮುಂಚಿನದು.

ಮ್ಯಾಚ್ ಇಲ್ಲದ ದಿನ ಒಳಗೆಲ್ಲ ತೋರಿಸಲು ಸ್ವಯಂಸೇವಕರಿದ್ದಾರೆ. ನಮಗೆ ಸಿಕ್ಕವರು ಅಪ್ಪನ ವಯಸ್ಸಿನ ಅಜ್ಜ. 1,00,024 ಜನ ಹಿಡಿಯುವ ಮೈದಾನ, 1877ರಲ್ಲಿ ಮೊಟ್ಟಮೊದಲ ಟೆಸ್ಟ್, 1971ರಲ್ಲಿ ಮೊಟ್ಟಮೊದಲ ಒಂದು ದಿನದ ಪಂದ್ಯ ಎಂದು ಹೇಳುತ್ತಾ ಬಂದರು. ಅಪ್ಪ ಮೆಲ್ಲಗೆ, "1977, ಚಂದ್ರಶೇಖರ್" ಎಂದರು. ಅಜ್ಜ ನಿಂತುಬಿಟ್ಟರು. ತಮ್ಮ ಬಲಗೈ ಮಣಿಕಟ್ಟನ್ನು ಎಡಗೈ ಎರಡು ಬೆರಳಲ್ಲಿ ಹಿಡಿದು ತೋರಿಸಿದರು, ಅಷ್ಟು ಸಣ್ಣ ಕೈ ಎಂದು. ಪೋಲಿಯೋದಿಂದ ಸೊರಗಿದ ಕೈ ಅದು. ಆಮೇಲೆ ಅಪ್ಪನ ಮಾತು ನಿಲ್ಲಲೇ ಇಲ್ಲ. 1981ರಲ್ಲಿ ಇಲ್ಲೇ ವಿಶ್ವನಾಥ್ ಹೊಡೆದ 114, ಆಸ್ಟ್ರೇಲಿಯಾ 83ಕ್ಕೆ ಆಲೌಟ್ ಆದದ್ದು, 2018ರಲ್ಲಿ ಮಯಾಂಕ್ ಅಗರ್‌ವಾಲ್ ಮೊದಲ ಟೆಸ್ಟ್‌ನಲ್ಲೇ ಬಾರಿಸಿದ 76. ಗುಂಪಿನಲ್ಲಿದ್ದ ಇಂಗ್ಲೆಂಡಿನ ದಂಪತಿ ಕೂಡ ಕೇಳುತ್ತಾ ನಿಂತರು.

"ಸದರ್ನ್ ಸ್ಟ್ಯಾಂಡ್ ಯಾವ ಕಡೆ?" ಎಂದು ಅಪ್ಪ ಕೇಳಿದರು. ಕಾಮೆಂಟರಿಯಲ್ಲಿ ಕೇಳಿ ಕೇಳಿ ಆ ಹೆಸರು ಅವರಿಗೆ ಬಾಯಿಪಾಠ. ಅದನ್ನು ಕೆಡವಿ ಹೊಸದು ಕಟ್ಟಿದರು, 1992ರಲ್ಲಿ. ಅದಕ್ಕೀಗ ಸ್ಪಿನ್ನರ್ ಶೇನ್ ವಾರ್ನ್ ಹೆಸರು. ಪಿಚ್ ಕೂಡ ಆಗಿನದಲ್ಲ. ಈಗ ಬೇರೆ ಕಡೆ ಬೆಳೆಸಿ ತಂದು ಕೂರಿಸುತ್ತಾರೆ. "ಹಾಗಾದ್ರೆ ಚಂದ್ರ ಬೌಲ್ ಮಾಡಿದ್ದು ಯಾವುದೂ ಉಳಿದಿಲ್ಲ ಅಲ್ವಾ" ಎಂದರು ಅಪ್ಪ. ಸ್ವಲ್ಪ ಹೊತ್ತು ಸುಮ್ಮನೆ ಹುಲ್ಲು ನೋಡುತ್ತಾ ಕೂತರು. ಖಾಲಿ ಸ್ಟ್ಯಾಂಡ್, ಔಟ್‌ಫೀಲ್ಡ್ ಮೇಲೆ ಒಂದಷ್ಟು ಸೀಗಲ್ ಹಕ್ಕಿಗಳು, ದೂರದಲ್ಲಿ ಹುಲ್ಲು ಕತ್ತರಿಸುವ ಯಂತ್ರ.

ಗಡಿಯಾರ ನೋಡಿದರು. ಹನ್ನೊಂದು ಗಂಟೆ. ಮೈಸೂರಿನಲ್ಲಿ ಬೆಳಗಿನ ಐದೂವರೆ. ಫೋನ್ ತೆಗೆದು ಆ ಗೆಳೆಯನಿಗೆ ಹಚ್ಚಿದರು, ಟ್ರಾನ್ಸಿಸ್ಟರ್ ಇದ್ದ ಮನೆಯವರಿಗೆ. ಅವರು ಎದ್ದಿದ್ದರು. "ಎಂಸಿಜಿಲಿ ಕೂತಿದೀನಿ ಕಣೋ. ಕೇಳಿಸ್ಕೋ" ಎಂದು ಅಪ್ಪ ಫೋನನ್ನು ಮೈದಾನದ ಕಡೆ ಹಿಡಿದು ಕೈ ಚಾಚಿದರು. ಒಂದು ನಿಮಿಷ ಹಾಗೇ ಹಿಡಿದಿದ್ದರು.

ಸ್ಪೀಕರ್‌ನಲ್ಲಿ ಆ ಕಡೆಯ ದನಿ ಬಂತು.

"ಗಾಳಿ ಜೋರಾಗಿದೆ ಅಲ್ವೇನೋ? ಆವತ್ತೂ ಹಿಂಗೇ ಕೇಳಿಸ್ತಿತ್ತು."