ಕೆಂಪು ಕೆಸರಿನ ಕೆಳಗಿನ ಗೀರು: ಬಾಡಿಗೆ ಕಾರಿನಲ್ಲಿ ಮಲೆನಾಡಿಗೆ ಹೊರಡುವವರಿಗೆ

ಕಾರನ್ನು ಹಿಂದಿರುಗಿಸುವ ಮೊದಲು ತೊಳೆಸಿಬಿಡಿ. ಮಳೆಗಾಲದಲ್ಲಿ ಬಾಡಿಗೆ ಕಾರು ಹಿಡಿದು ಮಲೆನಾಡು ಸುತ್ತಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು. ಜೋಗಕ್ಕೆ ಯಾವ ಹೊತ್ತು ಒಳ್ಳೆಯದು, ಕಡುಬು ಎಲ್ಲಿ ಸಿಗುತ್ತದೆ ಎಂಬುದೆಲ್ಲ ಆಮೇಲೆ. ನಾನೂರು ರೂಪಾಯಿ ಉಳಿಸಲು ಹೋಗಿ ಮೂರು ತಿಂಗಳು ವಸೂಲಿಗಾರರ ಫೋನು ಕೇಳಿಸಿಕೊಂಡವನು ನಾನು.

2025ರ ಆಗಸ್ಟ್‌ನಲ್ಲಿ ನಾನು, ಹೆಂಡತಿ, ಮಗಳು ಬೆಂಗಳೂರಿನಿಂದ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದೆವು. ಅಲ್ಲಿ ಮೂರು ದಿನಕ್ಕೆಂದು ನಾವೇ ಓಡಿಸುವ ಕಾರು ಪಡೆದೆವು. ದಿನಕ್ಕೆ 2,200 ರೂಪಾಯಿ, ಠೇವಣಿ 5,000. ನಂಬರ್ ಪ್ಲೇಟು ಕಪ್ಪು, ಅಕ್ಷರ ಹಳದಿ. ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ಕಾರಿಗೆ ಇರಬೇಕಾದದ್ದು ಅದೇ. ಯಾರಾದರೂ ಪರಿಚಯದವರು ಬಿಳಿ ಪ್ಲೇಟಿನ ಸ್ವಂತ ಕಾರನ್ನು ಅಗ್ಗಕ್ಕೆ ಕೊಡುತ್ತೇನೆಂದರೆ ಕೈಮುಗಿದು ಬಿಡಿ. ಅದನ್ನು ಬಾಡಿಗೆಗೆ ಬಿಡುವುದು ನಿಯಮಕ್ಕೆ ವಿರುದ್ಧ. ದಾರಿಯಲ್ಲಿ ಏನಾದರೂ ಆದರೆ ವಿಮಾ ಕಂಪನಿ ಕೈತೊಳೆದುಕೊಳ್ಳುತ್ತದೆ, ಹೊರೆ ನಿಮ್ಮ ತಲೆಗೆ ಬರುತ್ತದೆ.

ಕಾರು ತಂದ ಹುಡುಗ ತನ್ನ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡು, ಒಂದು ಹಾಳೆಗೆ ನನ್ನ ಸಹಿ ಹಾಕಿಸಿಕೊಂಡು ಹೊರಟ. ನಾನು ಏನನ್ನೂ ನೋಡಲಿಲ್ಲ. ಹನ್ನೆರಡು ವರ್ಷದ ಮಗಳು ಮಾತ್ರ ಕಾರಿನ ಸುತ್ತ ಒಂದು ಸುತ್ತು ಬಂದು, "ಅಜ್ಜಾ, ನಾವು ಈ ಕಾರಿನಲ್ಲಿ ಬರುತ್ತಿದ್ದೇವೆ" ಎಂದು ವಿಡಿಯೊ ಮಾಡಿ ನನ್ನ ಮಾವನವರಿಗೆ ಕಳುಹಿಸಿದಳು. ಮುಂದೆ ನಮ್ಮನ್ನು ಉಳಿಸಿದ್ದು ಆ ನಲವತ್ತು ಸೆಕೆಂಡು.

ಮೊದಲ ದಿನ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಿಕೊಂಡು, ಮಂಡಗದ್ದೆಯಲ್ಲಿ ಸ್ವಲ್ಪ ನಿಂತು ತೀರ್ಥಹಳ್ಳಿ ಸೇರಿದೆವು. ತುಂಗೆ ದಾರಿಯುದ್ದಕ್ಕೂ ಪಕ್ಕದಲ್ಲೇ ಇರುತ್ತಾಳೆ. ಸಕ್ರೆಬೈಲಿಗೆ ಬೆಳಿಗ್ಗೆಯೇ ಹೋಗಬೇಕು. ಮಧ್ಯಾಹ್ನ ಹೋದರೆ ಆನೆಗಳು ಕಾಡಿಗೆ ಹೊರಟಿರುತ್ತವೆ.

ಮಾವನವರ ಮನೆ ತೀರ್ಥಹಳ್ಳಿಯಿಂದ ಆಚೆ, ಅಡಿಕೆ ತೋಟದ ನಡುವೆ. ಅಂಗಳಕ್ಕೆ ಹೋಗುವ ದಾರಿಗೆ ಈಗಲೂ ಉಣುಗೋಲು ಇದೆ. ಎರಡು ಕಡೆ ಕಲ್ಲಿನ ಕಂಬ, ನಡುವೆ ಸರಿಸುವ ಗಳುಗಳು. ಮಾರನೆಯ ಬೆಳಿಗ್ಗೆ ಹಿಮ್ಮುಖವಾಗಿ ಕಾರು ತೆಗೆಯುವಾಗ ಚಕ್ರ ಜಾರಿ ಎಡಗಡೆಯ ಹಿಂದಿನ ಬಾಗಿಲು ಕಂಬಕ್ಕೆ ಒರೆಸಿತು. ಒಂದು ಗೇಣು ಉದ್ದದ ಗೀರು. ತಗ್ಗು ಬಿದ್ದಿರಲಿಲ್ಲ, ಬಣ್ಣ ಎದ್ದಿತ್ತು. ಇದು ನನ್ನದೇ ತಪ್ಪು, ಅದನ್ನು ಎಲ್ಲಿಯೂ ಅಲ್ಲಗಳೆದಿಲ್ಲ.

ಆ ದಿನ ಆಗುಂಬೆಗೆ ಹೋದೆವು. ಮಳೆಗಾಲದಲ್ಲಿ ಸೂರ್ಯಾಸ್ತದ ಆಸೆ ಇಟ್ಟುಕೊಳ್ಳಬೇಡಿ. ಮೋಡ ನಿಮ್ಮ ಮಗ್ಗುಲಲ್ಲೇ ಬಂದು ಕುಳಿತಿರುತ್ತದೆ. ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಿರಿ, ಏರುವಾಗ ಕ್ಲಚ್ಚಿನ ಮೇಲೆ ಕಾಲಿಟ್ಟು ಕಾರನ್ನು ನಿಲ್ಲಿಸಿಕೊಳ್ಳಬೇಡಿ. ಬಾಡಿಗೆ ಕಾರಿನ ಬಿಲ್ಲಿನಲ್ಲಿ ಕ್ಲಚ್ ಪ್ಲೇಟು ಹೇಗೆ ಬಂದು ಕೂರುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಕುಂದಾದ್ರಿಯ ರಸ್ತೆ ಕಿರಿದು, ಎದುರಿಗೆ ಇನ್ನೊಂದು ಕಾರು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು. ಹಿಮ್ಮುಖ ಓಡಿಸುವ ನನ್ನ ಕೈಚಳಕ ಬೆಳಿಗ್ಗೆಯೇ ಗೊತ್ತಾಗಿದ್ದರಿಂದ ನಾವು ಹೋಗಲಿಲ್ಲ.

ಮೂರನೆಯ ದಿನ ಹೊಸನಗರದ ಮೇಲೆ ಸಾಗರ, ಅಲ್ಲಿಂದ ಸಿಗಂದೂರು. ಅದೇ ವರ್ಷದ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿದ್ದರಿಂದ ಲಾಂಚಿನ ಸರದಿಗೆ ಕಾಯುವ ಕೆಲಸವಿಲ್ಲ. ಮೊದಲಾದರೆ ಕಾರನ್ನು ಲಾಂಚಿಗೆ ಹತ್ತಿಸುವಾಗಲೇ ನನ್ನಂಥವರು ಎರಡು ಗೀರು ಮಾಡಿಕೊಳ್ಳುತ್ತಿದ್ದರು. ಹಿನ್ನೀರಿನ ಮೇಲೆ 2.44 ಕಿ.ಮೀ. ಸೇತುವೆ ದಾಟುವಾಗ ಹೆಂಡತಿ ಮಾತ್ರ ಲಾಂಚನ್ನು ನೆನೆದು ಪೇಚಾಡಿದಳು. ಕೊಡಚಾದ್ರಿಗೆ ಹೋಗುವವರು ಬಾಡಿಗೆ ಕಾರನ್ನು ಕೆಳಗೇ ಬಿಟ್ಟು ಜೀಪು ಹತ್ತಬೇಕು. ಆ ದಾರಿ ಕಾರಿನದಲ್ಲ. ಜೊತೆಗೆ ನಿಮ್ಮ ಕಾರು ಎಲ್ಲಿದೆ ಎಂಬುದು ಜಿಪಿಎಸ್ ಮೂಲಕ ಕಂಪನಿಗೆ ಗೊತ್ತಾಗುತ್ತಿರುತ್ತದೆ. ಕಚ್ಚಾರಸ್ತೆಗೆ ಇಳಿಸಿದರೆ ದಂಡ ಎಂಬ ಸಾಲು ಕರಾರಿನಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಜೋಗದಲ್ಲಿ ಮಂಜು ಸರಿಯಲು ಮುಕ್ಕಾಲು ಗಂಟೆ ಕಾದೆವು. ಕಾದದ್ದಕ್ಕೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡವು.

ರಾತ್ರಿ ಎಂಟೂವರೆಗೆ ಶಿವಮೊಗ್ಗದಲ್ಲಿ ಕಾರು ಒಪ್ಪಿಸಿದೆವು. ಮಳೆ ಸುರಿಯುತ್ತಿತ್ತು, ರೈಲಿನ ಅವಸರ. ಕಿಟಕಿಯ ಮಟ್ಟದವರೆಗೆ ಕೆಂಪು ಕೆಸರು ಮೆತ್ತಿಕೊಂಡ ಕಾರು, ಹುಡುಗನ ಕೈಯಲ್ಲಿ ಮೊಬೈಲಿನ ಮಿಣುಕು ಬೆಳಕು. ಬಾಗಿಲಿನ ಗೀರನ್ನು ನಾನೇ ಬೆರಳಿನಿಂದ ಕೆಸರು ಒರೆಸಿ ತೋರಿಸಿದೆ. "ಇರಲಿ ಬಿಡಿ ಸಾರ್, ನೋಡೋಣ" ಎಂದ. ಕಾರು ಒಪ್ಪಿಸಿದ್ದಕ್ಕೆ ಒಂದು ಚೀಟಿಯನ್ನೂ ಪಡೆಯದೆ ನಾವು ನಿಲ್ದಾಣಕ್ಕೆ ಓಡಿದೆವು.

ಒಂಬತ್ತು ದಿನದ ಮೇಲೆ ಬಿಲ್ಲು ಬಂತು. ಮುಂದಿನ ಬಂಪರ್ 14,800, ಬಾಗಿಲು 9,500, ಕ್ಲಚ್ 8,800, ಕಾರು ರಿಪೇರಿಗೆ ನಿಂತ ಆರು ದಿನದ ನಷ್ಟ 13,200. ಒಟ್ಟು 46,300. ಠೇವಣಿ ಕಳೆದು 41,300 ರೂಪಾಯಿಯನ್ನು ಮೂರು ದಿನದೊಳಗೆ ಕಟ್ಟಬೇಕಂತೆ. ಜೊತೆಗೆ ತೊಳೆದ ಕಾರಿನ ಫೋಟೊಗಳು. ಬಂಪರಿನ ಬಲತುದಿಯಲ್ಲಿ ಕೂದಲೆಳೆಯಂಥ ಸೀಳು. ಕೆಸರಿನ ಕಾರನ್ನು ಒಪ್ಪಿಸಿದವನು ಅದು ತನ್ನದಲ್ಲವೆಂದು ಹೇಗೆ ಹೇಳಿಯಾನು?

ಮಾವನವರ ಫೋನಿನಲ್ಲಿ ಮಗಳ ವಿಡಿಯೊ ಇತ್ತು. ಹಿಗ್ಗಿಸಿ ನೋಡಿದರೆ ಅದೇ ಸೀಳು, ಅದೇ ಜಾಗ. ಮೇಲೆ ಕಾರು ಪಡೆದ ದಿನದ ತಾರೀಖು, ಸಮಯ. ಅದನ್ನು ಕಂಪನಿಗೆ ಕಳುಹಿಸಿ, ಬಾಗಿಲಿನ ಗೀರಿಗೆ ನಾನು ಹೊಣೆ, ಉಳಿದದ್ದಕ್ಕೆ ಅಲ್ಲ ಎಂದು ಇಮೇಲ್ ಬರೆದೆ. ಉತ್ತರ ಬರಲಿಲ್ಲ. ಬಂದದ್ದು ವಸೂಲಿಗಾರನ ಫೋನು.

ಮೊದಲ ಕರೆಯಲ್ಲಿ "ಸಾರ್". ಮೂರನೆಯ ಕರೆಯ ಹೊತ್ತಿಗೆ ಏಕವಚನ. ಕೋರ್ಟಿನಿಂದ ವಾರಂಟು ಬರುತ್ತದೆ, ಸಿಬಿಲ್ ಸ್ಕೋರ್ ಹಾಳಾಗುತ್ತದೆ, ಆಫೀಸಿಗೆ ಜನ ಬರುತ್ತಾರೆ ಎಂದ. ಒಂದೊಂದಾಗಿ ನೋಡಿ. ಇದು ಹಣದ ತಕರಾರು, ಸಿವಿಲ್ ವ್ಯವಹಾರ. ಇಂಥ ಬಾಕಿಗೆ ವಾರಂಟು ತರಿಸುವ ಅಧಿಕಾರ ಫೋನು ಮಾಡುವವನಿಗಿಲ್ಲ. ಸಾಲಗಾರರ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಗೆ ಮಾಹಿತಿ ಹೋಗುವುದು ಬ್ಯಾಂಕು, ಹಣಕಾಸು ಕಂಪನಿಗಳಂಥ ಸಾಲ ಕೊಡುವವರಿಂದ. ಕಾರಿನ ಬಾಡಿಗೆ ಸಾಲವಲ್ಲ. ಆದರೆ ಕಂಪನಿ ನಿಮ್ಮ ಕ್ರೆಡಿಟ್ ಕಾರ್ಡಿನಿಂದಲೇ ಹಣ ಎಳೆದುಕೊಂಡಿದ್ದರೆ ಲೆಕ್ಕ ಬೇರೆ. ಆಗ ಸುಮ್ಮನೆ ಕುಳಿತರೆ ಅದು ಬ್ಯಾಂಕಿನ ಬಾಕಿಯಾಗುತ್ತದೆ. ತಕ್ಷಣ ಬ್ಯಾಂಕಿಗೆ ಲಿಖಿತ ತಕರಾರು ಕೊಡಬೇಕು.

ರಿಸರ್ವ್ ಬ್ಯಾಂಕಿನ ನಿಯಮವನ್ನು ಹೇಳಿ ಹೆದರಿಸಬಹುದೆಂದು ನಾನೂ ಅಂದುಕೊಂಡಿದ್ದೆ. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು ಎಂದು ಅದು 2022ರಲ್ಲಿ ಹೇಳಿದೆ ನಿಜ. ಆ ನಿಯಮ ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ಸಾಲಕ್ಕೆ. ಕಾರಿನ ಕಂಪನಿಗೆ ಅದು ನೇರವಾಗಿ ಅಂಟುವುದಿಲ್ಲ. ಬೆದರಿಕೆಗೆ ಮಾತ್ರ ಎಲ್ಲರಿಗೂ ಒಂದೇ ಕಾನೂನು, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 351. ಕರೆಯ ದಿನ, ಹೊತ್ತು, ನಂಬರು, ಆಡಿದ ಮಾತು ಎಲ್ಲವನ್ನೂ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಹೋದೆ.

ನನಗೆ ಅಳುಕಾದದ್ದು ತುರ್ತು ಸಂಪರ್ಕಕ್ಕೆಂದು ಕೊಟ್ಟಿದ್ದ ಮಾವನವರ ನಂಬರಿಗೆ ವಸೂಲಿಗಾರ ಕರೆ ಮಾಡಿದಾಗ. "ನಿಮ್ಮ ಅಳಿಯ ಹಣ ಕೊಡದೆ ತಲೆ ತಪ್ಪಿಸಿಕೊಂಡಿದ್ದಾರೆ" ಎಂದನಂತೆ. ಮಾವನವರು ಅಡಿಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದರು. "ಅಳಿಯಂದಿರು ದೀಪಾವಳಿಗೆ ಬರುತ್ತಾರೆ. ನೀವೂ ಬನ್ನಿ, ಕಂಬ ತೋರಿಸುತ್ತೇನೆ, ಊಟ ಮಾಡಿಕೊಂಡು ಹೋಗುವಿರಂತೆ. ಉಣುಗೋಲು ದಾಟುವಾಗ ಮಾತ್ರ ಜೋಪಾನ" ಎಂದು ಹೇಳಿ ಫೋನಿಟ್ಟರು. ಆ ನಂಬರಿಗೆ ಮತ್ತೆ ಕರೆ ಬರಲಿಲ್ಲ.

ನಾನು ಮಾಡಿದ್ದು ಇಷ್ಟು. ಫೋನಿನಲ್ಲಿ ಮಾತು ನಿಲ್ಲಿಸಿ, ಕಂಪನಿಗೂ ವಸೂಲಿಗಾರನಿಗೂ ಒಂದೇ ಇಮೇಲ್ ಕಳುಹಿಸಿದೆ. ಅದರಲ್ಲಿ ಬರೆದದ್ದು: ವಸೂಲಿಗೆಂದು ಕಂಪನಿ ಕೊಟ್ಟ ಅಧಿಕಾರಪತ್ರ ಕಳುಹಿಸಿ. ಗ್ಯಾರೇಜಿನ ಅಂದಾಜು ಪಟ್ಟಿ ಸಾಲದು, ಹಣ ಪಾವತಿಸಿದ ಜಿಎಸ್‌ಟಿ ಬಿಲ್ಲು ಬೇಕು. ವಿಮೆ ಕ್ಲೇಮು ಮಾಡಿದ್ದರೆ ಅದರ ಕಾಗದ ಬೇಕು. ವಿಮೆಯಿಂದ ಬಂದ ಹಣವನ್ನು ನನ್ನಿಂದಲೂ ವಸೂಲು ಮಾಡುವಂತಿಲ್ಲ. ಓಡೋಮೀಟರಿನಲ್ಲಿ 78,000 ಕಿ.ಮೀ. ದಾಟಿದ್ದ ಕಾರನ್ನು ನಾವು ಓಡಿಸಿದ್ದು 430 ಕಿ.ಮೀ.; ಸವೆದ ಕ್ಲಚ್ ಪೂರ್ತಿ ನಮ್ಮ ಲೆಕ್ಕಕ್ಕೆ ಹೇಗೆ ಬಂತು? ಕಾರು ಗ್ಯಾರೇಜಿಗೆ ಹೋದ, ಹೊರಬಂದ ದಿನಾಂಕ ತಿಳಿಸಿ.

ಕೊನೆಯ ಪ್ರಶ್ನೆ ಕೇಳಿದ್ದಕ್ಕೆ ಕಾರಣವಿತ್ತು. ಕಾರು 'ನಿಂತಿದ್ದ' ಆ ವಾರದಲ್ಲೇ ಅದೇ ನಂಬರಿನ ಕಾರು ಶಿವಮೊಗ್ಗದ ಗೋಪಿ ವೃತ್ತದಲ್ಲಿ ಹೋಗುವುದನ್ನು ನನ್ನ ಭಾವಮೈದ ಕಂಡಿದ್ದ. ಅದು ಸಾಕ್ಷಿಯಾಗಲಾರದು, ಆದರೆ ಪ್ರಶ್ನೆ ಕೇಳಲು ಧೈರ್ಯ ಕೊಟ್ಟಿತು.

ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಅದು ಕಲ್ಲಿನ ಮೇಲಿನ ಗೆರೆಯಲ್ಲ. 1872ರ ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಆ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರ ಮಾತ್ರ ಸಲ್ಲುತ್ತದೆ. ತೀರ್ಥಹಳ್ಳಿಯ ಒಂದು ಗ್ಯಾರೇಜಿನಿಂದ ಬಾಗಿಲಿನ ಟಿಂಕರಿಂಗ್, ಪೇಂಟಿಂಗಿಗೆ 3,500 ರೂಪಾಯಿಯ ಅಂದಾಜು ಪಟ್ಟಿ ತರಿಸಿದೆ. ಠೇವಣಿಯಿಂದ ಅಷ್ಟನ್ನು ಹಿಡಿದುಕೊಂಡು 1,500 ಹಿಂದಿರುಗಿಸಿ ಎಂದು ಬರೆದು, ಇಮೇಲಿನ ಪ್ರತಿಯೊಂದಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಾರು ಪಡೆದದ್ದು ಶಿವಮೊಗ್ಗದಲ್ಲಾದರೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದ ಕಾಲಾವಕಾಶವಿದೆ. ವಕೀಲರ ನೋಟಿಸು ಬಂದರೆ ಅದು ಕೋರ್ಟಿನ ಆದೇಶವಲ್ಲ, ಆದರೂ ಉತ್ತರ ಬರೆಯಿರಿ. ನಿಜವಾದ ಸಮನ್ಸು ಬಂದರೆ ಹಾಜರಾಗಲೇಬೇಕು.

ನಾನು ಆಯೋಗದವರೆಗೆ ಹೋಗಬೇಕಾಗಲಿಲ್ಲ. ದೂರು ಕೊಟ್ಟ ಮೂರು ವಾರಕ್ಕೆ ಕಂಪನಿಯವರು ಠೇವಣಿ ತಮ್ಮಲ್ಲೇ ಉಳಿಯಲಿ, ಬಾಕಿ ಕೈಬಿಡುತ್ತೇವೆ ಎಂದರು. ಹೆಂಡತಿ 1,500ಕ್ಕೂ ಹೋರಾಡಬೇಕೆಂದಳು. ನಾನು ದಣಿದಿದ್ದೆ, ಒಪ್ಪಿಕೊಂಡೆ. ಒಂದು ಷರತ್ತು ಮಾತ್ರ ಹಾಕಿದೆ: ಕಾರಿನ ನಂಬರು, ಬಾಡಿಗೆಯ ದಿನಾಂಕ, ಬಿಲ್ಲಿನ ಸಂಖ್ಯೆ ಎಲ್ಲವೂ ಇರುವ ಬಾಕಿ ಇಲ್ಲ ಪತ್ರವನ್ನು ಕಂಪನಿಯ ಅಧಿಕೃತ ಇಮೇಲಿನಿಂದಲೇ ಕಳುಹಿಸಬೇಕು. ಅದು ಅತಿಯಾಯಿತು ಎಂದು ಆಗ ಅನಿಸಿತ್ತು. ಎರಡು ತಿಂಗಳ ಮೇಲೆ ಬೇರೊಂದು ವಸೂಲಿ ಸಂಸ್ಥೆಯಿಂದ ಬೇರೊಂದು ದನಿ, ಅದೇ 41,300. ಪತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದೆ. ಎರಡು ನೀಲಿ ಗೆರೆ ಬಿದ್ದವು. "ಸರಿ ಸಾರ್" ಎಂದು ಒಂದು ಸಾಲು ಬಂತು.